ಹೊಕ್ಕುಳಿಂದ ರಕ್ತ ನಿಲ್ತಿಲ್ಲ ಅಂದ್ರೆ ಫ್ಯಾಕ್ಟರ್ 13 ಟೆಸ್ಟ್ ಕೇಳಿ

ಲ್ಯಾಬಲ್ಲಿ ಕೆಲ್ಸ ಮಾಡೋಳಾಗಿ ಇದನ್ನ ಹೇಳ್ಲೇಬೇಕು ಅನ್ನಿಸ್ತಿದೆ. ಕೂಸಿನ ಹೊಕ್ಕುಳಬಳ್ಳಿ ಉದುರೋ ಹೊತ್ತಿಗೆ ಅಲ್ಲಿಂದ ರಕ್ತ ಜಿನುಗ್ತಾನೇ ಇದ್ರೆ, ಬಟ್ಟೆ ಬದಲಾಯಿಸಿದಷ್ಟೂ ಒದ್ದೆ ಆಗ್ತಿದ್ರೆ, ಮನೇಲಿ "ಬಳ್ಳಿ ಎಳೆದಿರ್ಬೇಕು, ಅರಿಶಿಣ ಹಚ್ಚಿ" ಅಂತಾರೆ. ಆಸ್ಪತ್ರೆಗೆ ಹೋದ್ರೆ ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳತ್ತೆ ಅಂತ ನೋಡೋ ಟೆಸ್ಟ್‌ಗಳು) ಮಾಡಿಸ್ತಾರೆ, ಮೂರೂ ನಾರ್ಮಲ್ ಬರತ್ತೆ, ಸದ್ಯ ಏನಿಲ್ವಲ್ಲ ಅಂತ ಕೂಸನ್ನ ಎತ್ಕೊಂಡು ಮನೆಗೆ ಹೋಗ್ಬಿಡ್ತಾರೆ. ನಂಗೆ ಭಯ ಆಗೋದೇ ಇಲ್ಲಿ.

ಫ್ಯಾಕ್ಟರ್ 13 ಅನ್ನೋದು ರಕ್ತದಲ್ಲಿರೋ ಒಂದು ಪ್ರೋಟೀನ್, ಅದರ ಕೊರತೆ ಅಂತ ಒಂದು ಕಾಯಿಲೆ ಇದೆ, ತೀರಾ ಅಪರೂಪ, 20-30 ಲಕ್ಷ ಜನಕ್ಕೆ ಒಬ್ರಿಗೆ ಬರೋ ಅಂಥದ್ದು. ಇದ್ರಲ್ಲಿ ರಕ್ತ ಟೈಮಿಗೆ ಸರಿಯಾಗೇ ಹೆಪ್ಪುಗಟ್ಟತ್ತೆ, ಅದಕ್ಕೇ ಮಾಮೂಲಿ ಟೆಸ್ಟಲ್ಲಿ ಸಿಕ್ಕಲ್ಲ. ಆದ್ರೆ ಹೆಪ್ಪಿನ ಎಳೆಗಳನ್ನ ಒಂದಕ್ಕೊಂದು ಬಿಗಿಯೋ ಫ್ಯಾಕ್ಟರ್ ಇಲ್ದೇ ಇರೋದ್ರಿಂದ ಆ ಹೆಪ್ಪು ತಡಿಯಲ್ಲ, ನಿಂತ ರಕ್ತ ಗಂಟೆಗಳಾದ್ಮೇಲೋ ಮಾರನೇ ದಿನವೋ ಮತ್ತೆ ಶುರುವಾಗತ್ತೆ. ಗಾಯ ಬೇಗ ಮಾಯಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮೆದುಳಲ್ಲಿ ಆಗೋ ರಕ್ತಸ್ರಾವ, ತೀವ್ರ ಕೊರತೆ ಇರೋರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ರಿಗೆ ಆಗತ್ತೆ, ಸಣ್ಣ ಪೆಟ್ಟು ಸಾಕು, ಒಂದೊಂದ್ಸಲ ಪೆಟ್ಟೂ ಬೇಕಿಲ್ಲ.

1960ರಿಂದ ಗೊತ್ತಿರೋ ಕಾಯಿಲೆ ಇದು, ಟೆಸ್ಟೂ ದೊಡ್ಡದೇನಲ್ಲ. ಪ್ಲಾಸ್ಮಾನ (ರಕ್ತಕಣ ತೆಗೆದ ಮೇಲೆ ಉಳಿಯೋ ದ್ರವ) ಟ್ಯೂಬಲ್ಲಿ ಹೆಪ್ಪುಗಟ್ಟಿಸಿ 5 ಮೋಲಾರ್ ಯೂರಿಯಾ ದ್ರಾವಣದಲ್ಲಿ ಬಿಡ್ತೀವಿ, ಪಕ್ಕದಲ್ಲಿ ಆರೋಗ್ಯವಂತರದ್ದೊಂದು ಟ್ಯೂಬ್ ಇರತ್ತೆ. ಅವ್ರದ್ದು ಮಾರನೇ ದಿನ ನೋಡಿದ್ರೂ ಬೆಳ್ಳಗೆ ಉಂಡೆಯಾಗಿ ಕೂತಿರತ್ತೆ, ಕೊರತೆ ಇರೋರದ್ದು ಅಷ್ಟರಲ್ಲಿ ಕರಗಿ ಬರೀ ತಿಳಿನೀರು. ಇದು ತೀವ್ರ ಕೊರತೆ ಮಾತ್ರ ಹಿಡಿಯತ್ತೆ, ಕಮ್ಮಿ ಇದ್ರೆ ಫ್ಯಾಕ್ಟರ್ ಪ್ರಮಾಣಾನೇ ಅಳೀಬೇಕು. ಇನ್ನೊಂದು, ಮಗುಗೆ ಪ್ಲಾಸ್ಮಾನೋ ಕ್ರಯೋನೋ (ದಾನಿ ಪ್ಲಾಸ್ಮಾದಿಂದ ತೆಗೆದ, ಹೆಪ್ಪುಗಟ್ಟಿಸೋ ಅಂಶಗಳಿರೋ ಭಾಗ) ಕೊಡೋಕೆ ಮುಂಚೆನೇ ಸ್ಯಾಂಪಲ್ ತಗೋಬೇಕು, ಕೊಟ್ಟ ಮೇಲೆ ತಗೊಂಡ್ರೆ ದಾನಿ ಫ್ಯಾಕ್ಟರ್ ಸೇರ್ಕೊಂಡು ರಿಸಲ್ಟ್ ಸರಿಯಿದೆ ಅಂತಾನೇ ತೋರ್ಸತ್ತೆ.

ನಮ್ಮ ಕಡೆ ಅಕ್ಕನ ಮಗಳನ್ನ, ಅತ್ತೆ ಮಗನ್ನ ಮದ್ವೆ ಆಗೋದು ಇವತ್ತಿಗೂ ಇದೆ. ಅಪ್ಪ-ಅಮ್ಮ ಇಬ್ರಿಂದಲೂ ಕೆಟ್ಟ ಜೀನ್ ಬಂದ್ರೇ ಈ ಕಾಯಿಲೆ ಬರೋದು, ಹಾಗಾಗಿ ಅಂಥ ಮನೆಗಳಲ್ಲಿ ಜಾಸ್ತಿ ಅನುಮಾನ ಪಡ್ಬೇಕು. ಹಿಮೋಫಿಲಿಯಾ ಥರ ಹೆಚ್ಚಾಗಿ ಗಂಡು ಮಕ್ಳಿಗೇ ಅಲ್ಲ, ಹೆಣ್ಮಕ್ಳಿಗೂ ಅಷ್ಟೇ ಬರತ್ತೆ, ಅವ್ರಿಗೆ ಮುಂದೆ ಬಸಿರು ಪದೇ ಪದೇ ಇಳಿದುಹೋಗತ್ತೆ. ಆಗ ಸೊಸೆನ ಬೈತಾರೆ, ರಕ್ತ ಯಾರೂ ಟೆಸ್ಟ್ ಮಾಡ್ಸಲ್ಲ!

ಮೊದಲ ಮಗು ಹೀಗೇ ರಕ್ತ ಹೋಗಿ ತೀರ್ಕೊಂಡಿದ್ರೆ ಡಾಕ್ಟ್ರು ಕೇಳ್ದೆ ಇದ್ರೂ ನೀವೇ ಹೇಳಿ, ಮುಚ್ಚಿಡ್ಬೇಡಿ. ಗೊತ್ತಾದ್ರೆ ದಾರಿ ಇದೆ, ಈ ಫ್ಯಾಕ್ಟರ್ ದೇಹದಲ್ಲಿ ತುಂಬಾ ದಿನ ಉಳಿಯೋದ್ರಿಂದ ಸಾಮಾನ್ಯವಾಗಿ ನಾಲ್ಕು ವಾರಕ್ಕೊಂದ್ಸಲ ಕೊಟ್ಟರೆ ಸಾಕಾಗತ್ತೆ, ಮಗು ಎಲ್ಲರ ಥರ ಶಾಲೆಗೆ ಹೋಗ್ಬಹುದು.