ಗಿಟಾರ್ ಕೇಬಲ್‌ಗೆ ಮೊದಲು ಉದ್ದ ನೋಡಿ, ಆಮೇಲೆ ಚಿನ್ನ

ಕಳೆದ ಗಣೇಶ ಹಬ್ಬದಲ್ಲಿ ಇಲ್ಲೇ ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಆರ್ಕೆಸ್ಟ್ರಾಕ್ಕೆ ಎಲೆಕ್ಟ್ರಿಕ್ ಗಿಟಾರ್ ನುಡಿಸಿದೆ. ಮನೆಯಲ್ಲಿ ಗಂಟೆ ಬಾರಿಸಿದ ಹಾಗೆ ಇದ್ದ ದನಿ ವೇದಿಕೆ ಮೇಲೆ ಕಂಬಳಿ ಹೊದ್ದಂತೆ ಕೇಳಿತು. ಆಂಪ್, ಅಂದರೆ ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್, ನನ್ನದೇ. ತಂತಿ ಹಿಂದಿನ ದಿನ ತಾನೇ ಹಾಕಿದ್ದು. ಬೇರೆ ಆಗಿದ್ದು ಕೇಬಲ್ ಒಂದೇ. ವೇದಿಕೆ ದೊಡ್ಡದು ಅಂತ 10 ಮೀಟರಿನದು ಒಯ್ದಿದ್ದೆ. ಬ್ಯಾಗಿನಲ್ಲಿದ್ದ 3 ಮೀಟರಿನದು ಚುಚ್ಚಿದೆ, ದನಿ ತೆರೆದುಕೊಂಡಿತು.

ಕಾರಣ ಸರಳವಾಗಿದೆ. ಕೇಬಲ್ ಒಳಗೆ ತಾಮ್ರದ ಎಳೆ, ಸುತ್ತ ಪ್ಲಾಸ್ಟಿಕ್, ಅದರ ಮೇಲೆ ತಾಮ್ರದ ಜಾಲರಿ. ಎರಡು ಲೋಹದ ನಡುವೆ ಪ್ಲಾಸ್ಟಿಕ್ ಬಂದರೆ ಅದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಸ್ವಲ್ಪ ಹಿಡಿದಿಡುವ ಸಾಧನ, ತಾನೇ? ಸಾಮಾನ್ಯ ಕೇಬಲ್‌ನಲ್ಲಿ ಅದರ ಅಳತೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಅದು ಗಿಟಾರಿನ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಸುರುಳಿಯ ಜೊತೆ ಸೇರಿ, ದನಿ ಎಲ್ಲಿ ಹೊಳೆಯಬೇಕು ಅಂತ ತೀರ್ಮಾನ ಮಾಡುತ್ತದೆ. ನನ್ನದರಂಥ ಸಿಂಗಲ್ ಕಾಯಿಲ್ (ಪಿಕಪ್‌ಗೆ ಒಂದೇ ಸುರುಳಿ) ಗಿಟಾರಿಗೆ 3 ಮೀಟರಿನಲ್ಲಿ ಆ ಹೊಳಪು ಹೆಚ್ಚುಕಡಿಮೆ 5,000 ಹರ್ಟ್ಜ್ ಹತ್ತಿರ ಇರುತ್ತದೆ. 10 ಮೀಟರಿಗೆ 3,000ಕ್ಕೆ ಇಳಿಯುತ್ತದೆ. ಅದರ ಮೇಲಿನದೆಲ್ಲ ಸಣ್ಣಗಾಗುತ್ತದೆ. ಟ್ರೆಬಲ್ ಎಷ್ಟು ತಿರುಗಿಸಿದರೂ ಆ ಚುರುಕು ವಾಪಸ್ ಬರಲಿಲ್ಲ.

ಹಾಗಾಗಿ ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ: ಮನೆಗೆ 3 ಮೀಟರ್, ವೇದಿಕೆಗೆ 6 ಮೀಟರ್ ಸಾಕು. ಅದಕ್ಕಿಂತ ಉದ್ದ ಬೇಕೇ ಬೇಕು ಅಂದರೆ ಗಿಟಾರಿನ ಹತ್ತಿರ ಒಂದು ಬಫರ್ ಪೆಡಲ್ ಇಡಿ, ಉದ್ದ ಕೇಬಲ್‌ನ ಭಾರ ಪಿಕಪ್ ಮೇಲೆ ಬೀಳದಂತೆ ತಡೆಯುವ ಸಣ್ಣ ಡಬ್ಬಿ ಅದು. 9 ವೋಲ್ಟ್ ಬ್ಯಾಟರಿಯ ಆಕ್ಟಿವ್ ಪಿಕಪ್ (ಒಳಗೇ ಪುಟ್ಟ ಆಂಪ್ ಇರುವಂಥದ್ದು) ಇದ್ದವರಿಗೆ ಈ ತಲೆನೋವು ಅಷ್ಟಾಗಿ ಇಲ್ಲ.

ಅಂಗಡಿಯಲ್ಲಿ ಮೊದಲು ತೋರಿಸುವುದು ಚಿನ್ನದ ಲೇಪ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ನಮ್ಮೂರಿನ ಜುಲೈ ಮಳೆಗೆ ಅದು ಒಳ್ಳೆಯದೇ. ಆದರೆ ದನಿ ಬದಲಾಗುವುದಿಲ್ಲ. ಅದೇ ದುಡ್ಡನ್ನು ಒತ್ತಾಗಿ ಹೆಣೆದ ಜಾಲರಿಗೆ, ಬಿಚ್ಚಿ ನೋಡಬಹುದಾದ ಗಟ್ಟಿ ಜ್ಯಾಕ್‌ಗೆ ಕೊಡಿ. ಕೊಳ್ಳುವ ಮುಂಚೆ ಆಂಪ್‌ಗೆ ಹಾಕಿ, ವಾಲ್ಯೂಮ್ ಏರಿಸಿ, ಕೇಬಲನ್ನು ನೆಲಕ್ಕೆ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಟಪ್ ಟಪ್ ಅಂತ ಜೋರಾಗಿ ಬಂದರೆ ಬೇಡ.

ಗುಂಯ್ ಅನ್ನುವ ಸದ್ದಿಗೂ ಸುಮ್ನೆ ಕೇಬಲನ್ನು ಬೈಯುತ್ತೇವೆ. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿ. ಸದ್ದು ಹೆಚ್ಚುಕಡಿಮೆ ಆದರೆ ಅದನ್ನು ಎಳೆದುಕೊಳ್ಳುತ್ತಿರುವುದು ಪಿಕಪ್, ಹಳೆ ಟ್ಯೂಬ್‌ಲೈಟಿನ ಚೋಕಿನಿಂದಲೋ ಟ್ರಾನ್ಸ್‌ಫಾರ್ಮರಿನಿಂದಲೋ. ಎಷ್ಟು ದುಬಾರಿ ಕೇಬಲ್ ತಂದರೂ ಅದು ಹೋಗುವುದಿಲ್ಲ. ತಂತಿ ಮುಟ್ಟಿದಾಗ ಜುಮ್ ಅಂದರೆ ಮಾತ್ರ ನುಡಿಸುವುದು ನಿಲ್ಲಿಸಿ, ಮೊದಲು ಅರ್ಥಿಂಗ್ ನೋಡಿಸಿ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಆಂಪ್ ಹೆಡ್‌ನಿಂದ (ಸ್ಪೀಕರ್ ಇಲ್ಲದ ಬರೀ ಆಂಪ್) ಸ್ಪೀಕರ್ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಬೇಡಿ. ಎರಡಕ್ಕೂ ಅದೇ 6.35 ಮಿಲಿಮೀಟರ್ ಜ್ಯಾಕ್ ಇರುವುದರಿಂದ ಸಲೀಸಾಗಿ ಕೂರುತ್ತದೆ. ಆದರೆ ಒಳಗಿನ ಎಳೆ ಸಣ್ಣದು, ಅಷ್ಟು ಕರೆಂಟ್ ತಡೆಯದೆ ಬಿಸಿಯಾಗುತ್ತದೆ. ಗಾಜಿನ ವಾಲ್ವ್ ಇರುವ ಟ್ಯೂಬ್ ಆಂಪ್ ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು.

ಕರಕರ ಅನ್ನುತ್ತಿದೆ ಅಂತ ಕೇಬಲ್ ಎಸೆಯಬೇಡಿ. ಜಾಸ್ತಿ ಸಲ ಬಿಡುವುದು ಜ್ಯಾಕ್ ಹತ್ತಿರದ ಬೆಸುಗೆ. ತುದಿಯಿಂದ ಎರಡು ಇಂಚು ಕತ್ತರಿಸಿ ಮತ್ತೆ ಬೆಸೆದರೆ ಆಯ್ತು. ನನ್ನ 3 ಮೀಟರಿನದಕ್ಕೆ ಎರಡು ಸಲ ಹಾಗೆ ಮಾಡಿದ್ದೇನೆ. ಈ ಸಂಜೆಯೂ ಅದರಲ್ಲೇ ನುಡಿಸಿದೆ.