50 ಕೆಬಿ ಪ್ರಜೆ, 4 ಎಂಬಿ ನಗು

ಮನೆಗೊಂದು ಅಗ್ಗದ ಡಯಲ್‌ಅಪ್ ಮೋಡೆಮ್ ಬೇಕಿತ್ತು, ಯಾವುದು ತಗೊಳ್ಳಲಿ ಎಂದು ಸಕಲೇಶಪುರದ ಹೆತ್ತೂರು ಕಡೆಯ ಬೆಳೆಗಾರರೊಬ್ಬರು ಇವತ್ತಿನ ದಿನ ಕೇಳಿದರೆ ನಗಬೇಡಿ. ಅವರ ತಲೆ ನೆಟ್ಟಗೇ ಇದೆ. ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಗುಡ್ಡಕ್ಕೆ ಕಂಪ್ಯೂಟರ್ ಹೊರುವುದಕ್ಕಾಗುವುದಿಲ್ಲ. ಅರ್ಜಿಗಳೆಲ್ಲ ಆನ್‌ಲೈನ್ ಆಗಿ ಕೂತಿವೆ. ಉಳಿದಿರುವುದು ಗೋಡೆಗೆ ಮೊಳೆ ಹೊಡೆದು ಎಳೆದ ಹಳೇ ಫೋನಿನ ತಂತಿಯೊಂದೇ. ಆ ತಂತಿಯಲ್ಲೇ ನಂಬರು ಹಚ್ಚಿ ಇಂಟರ್ನೆಟ್ ಎಳೆದು ತರುವುದು ಈ ಮೋಡೆಮ್. ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್‌ಅಪ್ ಸೇವೆಯನ್ನು ನಿಲ್ಲಿಸಿದ್ದು 2025ರ ಸೆಪ್ಟೆಂಬರ್ 30ಕ್ಕೆ. ಅಂದರೆ ಅಲ್ಲಿಯವರೆಗೂ ಅಲ್ಲಿ ಯಾರೋ ಬಳಸುತ್ತಲೇ ಇದ್ದರು. ಅವರ ಮನೆ ಹಿಂದೆಯೂ ಒಂದು ಗುಡ್ಡ ಇದ್ದಿರಬೇಕು.

ನಮ್ಮದೇನು ಹಿಂದುಳಿದ ಜಿಲ್ಲೆಯಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲೇ ಇದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಕ್ಕೆ ಅಲ್ಲಿಂದ ಹೇಳಿದ ಮಾತು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಮುಟ್ಟುತ್ತದೆ. ಅದೇ ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಉಪಗ್ರಹಗಳು ಪುಣ್ಯ ಮಾಡಿದ್ದವು, ದಾರಿಯಲ್ಲಿ ಕಾಫಿ ತೋಟದ ಸಿಲ್ವರ್ ಮರ ಅಡ್ಡ ಬರುವುದಿಲ್ಲ.

ಇರಲಿ, ಮೋಡೆಮ್ ವಿಚಾರಕ್ಕೆ ಬರೋಣ. ಇದರಲ್ಲಿ ಎರಡು ಬಗೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಕಾರ್ಡು ಒಂದು, ಮೇಜಿನ ಮೇಲೆ ಕೂತು ದೀಪ ಮಿಣುಕಿಸುವ ಡಬ್ಬಿ ಇನ್ನೊಂದು. ಕಾರ್ಡು ಅಗ್ಗ. ಯಾಕೆಂದರೆ ಅಗ್ಗದ ಕಾರ್ಡುಗಳಲ್ಲಿ ಹೆಚ್ಚಿನವು ವಿನ್‌ಮೋಡೆಮ್‌ಗಳು. ಫೈಲಿನ ಮೇಲೆ ಸಹಿ ಹಾಕಿ ಕೆಲಸವನ್ನು ಗುಮಾಸ್ತರ ಮೇಜಿಗೆ ತಳ್ಳುವ ಸಾಹೇಬರ ಹಾಗೆ ಅವು ತಮ್ಮ ಕೆಲಸದ ಬಹುಪಾಲನ್ನು ವಿಂಡೋಸ್‌ಗೂ ಪ್ರೊಸೆಸರ್‌ಗೂ ಒಪ್ಪಿಸಿ ತಣ್ಣಗೆ ಕೂರುತ್ತವೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡವರ ಮನೆಯಲ್ಲಿ ಎಷ್ಟೋ ಸಲ ಅದು ಬರೀ ತಗಡು.

ಮಲೆನಾಡಿಗೆ ಡಬ್ಬಿಯೇ ವಾಸಿ. ಕಾರಣ, ಸಿಡಿಲು. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೇಕೇ ಬೇಕು, ಹೂಮಳೆ ಗುಡುಗು ಸಿಡಿಲನ್ನು ಕರೆದುಕೊಂಡೇ ಬರುತ್ತದೆ. ತಂತಿ ಹಿಡಿದು ಒಳಗೆ ಬಂದ ಸಿಡಿಲು ಕಾರ್ಡಿಗೆ ಹೊಡೆದರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಡಬ್ಬಿಯಾದರೆ ಸಾಮಾನ್ಯವಾಗಿ ತಾನೊಬ್ಬನೇ ಸಾಯುತ್ತದೆ. ಮೋಡ ಕಪ್ಪಗಾದ ಕೂಡಲೇ ಫೋನಿನ ವೈರು ಕೀಳುವುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಜೂನ್ ಕಳೆದ ಮೇಲೆ ಆ ಭಯವೂ ಇರುವುದಿಲ್ಲ. ಆಗ ಮರ ಬಿದ್ದು ತಂತಿಯೇ ಇರುವುದಿಲ್ಲ.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಡಬ್ಬಿಯ ಮೇಲಿನ 56ಕೆ, ಅಂದರೆ ಸೆಕೆಂಡಿಗೆ 56 ಕಿಲೋಬಿಟ್ ಎಂಬುದು 1998ರಲ್ಲಿ ಬಂದ ವಿ.90 ಮಾನದಂಡದ ಗರಿಷ್ಠ ಅಂಕಿ, ಎಕ್ಸ್‌ಚೇಂಜಿನ ಪಕ್ಕದಲ್ಲಿ ಮನೆ ಮಾಡಿದವರಿಗೂ ಪೂರ್ತಿ ದಕ್ಕುವುದು ಕಷ್ಟ. ತಂತಿ ಉದ್ದವಾದಷ್ಟೂ, ಅದಕ್ಕೆ ಗಂಟು ಬಿದ್ದಷ್ಟೂ ವೇಗ ಇಳಿಯುತ್ತದೆ. ತೋಟದ ಮನೆಗೆ 28.8 ಬಂದರೆ ದೇವರಿಗೆ ಕೈ ಮುಗಿಯಿರಿ. ಆಮೇಲೆ ಬಂದ ವಿ.92ಕ್ಕೆ ನಾಲ್ಕು ಕಾಸು ಜಾಸ್ತಿ ಕೇಳಿದರೆ ಕೊಡಬೇಡಿ, ಅದರ ಸವಲತ್ತುಗಳು ಆ ತುದಿಯ ಇಂಟರ್ನೆಟ್ ಕಂಪನಿಯವರೂ ಅದನ್ನೇ ಇಟ್ಟಿದ್ದರೆ ಮಾತ್ರ ಸಿಗುವಂಥವು. ಬೆಲೆಯ ಚಿಂತೆ ಬೇಡವೇ ಬೇಡ. ಹೊಸ ಅಂಗಡಿಯಲ್ಲಿ ಕೇಳಿದರೆ ಹುಡುಗರು ನಿಮ್ಮ ಮುಖ ನೋಡುತ್ತಾರೆ, ಗುಜರಿಯವನು ತೂಕ ಹಾಕಿ ಕೊಡುತ್ತಾನೆ.

ಮೋಡೆಮ್ ಆರಿಸುವಾಗ ನಿಜವಾಗಿ ಲೆಕ್ಕ ಹಾಕಬೇಕಾದ್ದು ಬೇರೆಯೇ ಇದೆ: ಮಾನ್ಯರ ಮುಖದ ತೂಕ.

ಯಾವ ಜಾಲತಾಣ, ಯಾವ ಇಲಾಖೆ ಎಂದು ಕೇಳಬೇಡಿ. ನಿಮಗೆ ನೆನಪಾದದ್ದೇ ಇಟ್ಟುಕೊಳ್ಳಿ. ಅರ್ಜಿಯ ಕೊನೆಯಲ್ಲಿ ಕಟ್ಟಪ್ಪಣೆ ಇರುತ್ತದೆ: ಅರ್ಜಿದಾರರ ಭಾವಚಿತ್ರ 50 ಕೆಬಿ ಮೀರಕೂಡದು, ಸಹಿ 20 ಕೆಬಿ ಮೀರಕೂಡದು. ಮೀರಿದರೆ ಕೆಂಪಕ್ಷರದಲ್ಲಿ ಬೈಗುಳ. ಪ್ರಜೆ ತನ್ನ ಮುಖವನ್ನು ಕುಗ್ಗಿಸಿ ಕುಗ್ಗಿಸಿ, ಕೊನೆಗೆ ಹೆಂಡತಿಗೂ ಗುರುತು ಸಿಗದ ಹಾಗೆ ಮಾಡಿ ಕಳಿಸಬೇಕು. ಸರಿ, ಕಳಿಸೋಣ. ವಿ.90 ಮೋಡೆಮ್ ಮೇಲ್ಮುಖವಾಗಿ 33.6ರ ವೇಗದಲ್ಲಿ ಕಳಿಸಬಲ್ಲದು, ಎಂಟು ಬಿಟ್ ಸೇರಿ ಒಂದು ಬೈಟ್ ಆಗುವ ಲೆಕ್ಕದಲ್ಲಿ 50 ಕೆಬಿಗೆ ಹನ್ನೆರಡು ಸೆಕೆಂಡು ಸಾಕು. ಪ್ರಜೆಯ ಪಾಲಿಗೆ ಡಯಲ್‌ಅಪ್ ಧಾರಾಳವಾಯಿತು!

ಆದರೆ ಅರ್ಜಿ ಸಿಗುವ ಮೊದಲು ಮುಖಪುಟ ದಾಟಬೇಕಲ್ಲ. ಅಲ್ಲಿ ಮಾನ್ಯರು ನಗುತ್ತಿರುತ್ತಾರೆ. ಅವರ ನಗುವಿಗೆ ಕೆಬಿ ಮಿತಿ ಇಲ್ಲ. ಒಂದು ಚಿತ್ರ 4 ಎಂಬಿ ಎಂದಿಟ್ಟುಕೊಂಡರೆ 56ಕೆ ಪೂರ್ತಿ ಸಿಕ್ಕವರಿಗೂ ಹತ್ತಿರ ಹತ್ತಿರ ಹತ್ತು ನಿಮಿಷ. ನಮ್ಮ 28.8ಕ್ಕೆ ಹತ್ತೊಂಬತ್ತು. ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತದೆ. ಮೊದಲು ನೀಲಿ ಆಕಾಶ. ಆಮೇಲೆ ಕೂದಲು, ಅದೂ ಬಣ್ಣ ಹಚ್ಚಿದ್ದು ಎಂದು ತಿಳಿಯುವಷ್ಟು ನಿಧಾನವಾಗಿ. ಹಣೆ. ಹುಬ್ಬು. ಮನೆಯವರು ಒಲೆ ಮೇಲೆ ಅಕ್ಕಿ ಇಟ್ಟು ಬಂದು ಕೂರುತ್ತಾರೆ. ಮೂಗು. ಇದು ಹಾಲಿಯೋ ಮಾಜಿಯೋ ಎಂದು ಚರ್ಚೆ ಶುರುವಾಗುತ್ತದೆ. ಮೀಸೆ ಬಂದು ಇನ್ನೇನು ಹಲ್ಲು ಕಾಣಬೇಕು, ಅಷ್ಟರಲ್ಲಿ ಸ್ಲೈಡ್ ಬದಲಾಗಿ ಇನ್ನೊಬ್ಬ ಮಾನ್ಯರ ಆಕಾಶ ಶುರು. ಅರ್ಜಿಯ ಲಿಂಕ್ ಇವರೆಲ್ಲರ ಪಾದದ ಕೆಳಗೆ ಎಲ್ಲೋ ಇದೆ. ಅಲ್ಲಿಗೆ ತಲುಪುವಷ್ಟರಲ್ಲಿ ‘ನಿಮ್ಮ ಅವಧಿ ಮುಗಿದಿದೆ’ ಎಂಬ ಸಂದೇಶ ಬರುತ್ತದೆ. ಮಾನ್ಯರ ಅವಧಿ ಮುಗಿದಿದ್ದರೂ ಚಿತ್ರ ಮಾತ್ರ ಹೋಗಿರುವುದಿಲ್ಲ.

ಇಷ್ಟಾಗಿ ರೈತನಿಗೆ ಬೇಕಿದ್ದದ್ದೇನು? ಒಂದು ಪಹಣಿ. ಭೂಮಿ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ತಂದದ್ದು ಈ ಶತಮಾನದ ಶುರುವಿನಲ್ಲಿ, ಡಯಲ್‌ಅಪ್ಪೇ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ. ಪಹಣಿಯಲ್ಲಿ ಇರುವುದಾದರೂ ಎಷ್ಟು? ಸರ್ವೆ ನಂಬರು, ಎಕರೆ ಗುಂಟೆ, ಹೆಸರು, ಬೆಳೆ. ಬರೀ ಅಕ್ಷರವಾಗಿ ಕಳಿಸಿದರೆ ನಮ್ಮ 28.8ರ ಬಡ ಮೋಡೆಮ್ಮಿಗೂ ಎರಡು ಸೆಕೆಂಡಿನ ಕೆಲಸ. ಜಮೀನು ಹಾಗೇ ಇದೆ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಇನ್ನೂ ಸಣ್ಣದಾಗಿದೆ. ದಪ್ಪಗಾದದ್ದು ಆಕಾಶ ಮಾತ್ರ.

ಮುಖಪುಟ ದಾಟಿದವರಿಗೆ ಓಟಿಪಿ. ಅದು ಬರುವುದು ಮೊಬೈಲಿಗೆ, ಮೊಬೈಲು ಇರುವುದು ಗುಡ್ಡದ ಮೇಲೆ. ಹಾಗಾಗಿ ಮಗ ಗುಡ್ಡದ ನೆತ್ತಿಯಲ್ಲಿ, ತಾಯಿ ಅರ್ಧ ದಾರಿಯ ಕಾಫಿ ಕಣದಲ್ಲಿ, ತಂದೆ ಕಂಪ್ಯೂಟರಿನ ಮುಂದೆ. ಮೇಲಿಂದ ಕೂಗಿದ್ದು ಆರೋ ಮೂರೋ ಎಂದು ಇತ್ಯರ್ಥವಾಗುವ ಹೊತ್ತಿಗೆ ಓಟಿಪಿಯ ಆಯಸ್ಸು ಮುಗಿದಿರುತ್ತದೆ. ಕಾಡಾನೆ ಎಲ್ಲಿದೆ ಎಂದು ಎಚ್ಚರಿಸುವ ಎಸ್ಸೆಮ್ಮೆಸ್ಸೂ ಅದೇ ಗುಡ್ಡದ ಮೇಲೇ ಸಿಗುವುದು. ಆನೆ ಮನೆ ಹಿಂದಿನ ಬಾಳೆಯಲ್ಲಿದೆ ಎಂದು ತಿಳಿಯಲು ಆನೆಯನ್ನು ದಾಟಿಕೊಂಡೇ ಗುಡ್ಡ ಹತ್ತಬೇಕು.

ಇಷ್ಟೆಲ್ಲ ತಿಳಿದೂ ಗುಜರಿಯಿಂದ ಡಬ್ಬಿ ತಂದ ಬೆಳೆಗಾರರೊಬ್ಬರು ಅದನ್ನು ಜೋಡಿಸಿ, ಕಿವಿಗೊಟ್ಟು ಕೂತರು. ಕೊಂಯ್ ಇಲ್ಲ, ಕಿರ್ರ್ ಇಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಲೈನ್‌ಮ್ಯಾನನ್ನು ಕರೆದು ತೋರಿಸಿದರು.

“ಏನಪ್ಪಾ, ಲೈನ್ ಸತ್ತು ಒಂದು ಮಳೆಗಾಲ ಕಳೀತಲ್ಲ?”

“ಕಂಪ್ಲೇಂಟ್ ಬುಕ್ ಆಗಿಲ್ಲ ಗೌಡ್ರೆ. ಬುಕ್ ಆಗ್ದೆ ನಾನು ಕಂಬ ಹತ್ತಂಗಿಲ್ಲ.”

“ಎಲ್ಲಿ ಬುಕ್ ಮಾಡ್ಬೇಕು?”

“ಈಗೆಲ್ಲ ಪೋರ್ಟಲ್‌ನಲ್ಲೇ.”

“ಪೋರ್ಟಲ್ ತೆಗಿಯಕ್ಕೆ ಲೈನ್ ಬೇಕಲ್ಲಪ್ಪ?”

ಲೈನ್‌ಮ್ಯಾನ್ ಮೇಜಿನ ಮೇಲಿನ ಡಬ್ಬಿಯನ್ನು ನೋಡಿ, ಇವರಿಗೇನು ಓದು ಬರಹ ಇಲ್ಲವೇ ಎಂಬಂತೆ ಹೇಳಿದ: “ಅದಕ್ಕೇ ಅಲ್ವಾ ಗೌಡ್ರೆ, ನೀವು ಮೋಡೆಮ್ ತಗಂಡಿರದು?”