ಮೇಲೆ ಅಂದ್ರೆ ಯಾವ ಮೇಲೆ?

ಇವತ್ತು ಬೆಳಿಗ್ಗೆಯೂ ಅದೇ ಕಥೆ. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ದೋಸೆ ಹಿಟ್ಟು, ಕೀ ಗೊಂಚಲು ಬಾಯಲ್ಲಿ. ಆರನೇ ಮಹಡಿಗೆ ಹೊರಟಿದ್ದ ಲಿಫ್ಟ್ ಮೂರರಲ್ಲಿ ನಿಂತಿತು. ಬಾಗಿಲು ತೆರೆದರೆ ಅದೇ ಅಂಕಲ್. ವಾಕಿಂಗ್ ಶೂ, ಮಂಕಿ ಟೋಪಿ.

"ಕೆಳಗಾ?" ಅಂದರು.

ಕಣ್ಣಲ್ಲೇ ಚಾವಣಿ ತೋರಿಸಿದೆ.

"ಮೇಲಾ? ಪರವಾಗಿಲ್ಲ, ಬರ್ತೀನಿ" ಅಂತ ಒಳಗೆ ಬಂದರು.

ಅವರು ಹೋಗಬೇಕಾದದ್ದು ಕೆಳಗೆ. ದಿನಾ ಒತ್ತೋದು ಮೇಲಿನ ಬಾಣ. ಹೋದ ವಾರ ತಡೆಯಲಾರದೆ ಕೇಳಿಯೇಬಿಟ್ಟಿದ್ದೆ, "ಅಂಕಲ್, ಕೆಳಗೆ ಹೋಗೋಕೆ ಅಪ್ ಬಟನ್ ಯಾಕೆ?"

ಎರಡನೇ ಕ್ಲಾಸಿನ ಹುಡುಗನನ್ನು ನೋಡಿದ ಹಾಗೆ ನೋಡಿದರು.

"ಲಿಫ್ಟ್ ಎಲ್ಲಿತ್ತು?"

"ಕೆಳಗೆ."

"ನಾನೆಲ್ಲಿದ್ದೆ?"

"ಮೇಲೆ."

"ಮತ್ತೆ ಅದು ಮೇಲೆ ಬರಬೇಕೋ ಬೇಡವೋ? ಆಟೋ ಕರೆಯುವಾಗ ‘ಇಲ್ಲಿ ಬಾರಪ್ಪಾ’ ಅಂತೀರೋ, ದೂರದಿಂದಲೇ ‘ಮೆಜೆಸ್ಟಿಕ್‌ಗೆ ಹೋಗು’ ಅಂತೀರೋ?"

ಎರಡು ದಿನ ಯೋಚಿಸಿದೆ. ಉತ್ತರ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ. ಅದೇ ಜಾಸ್ತಿ ಉರಿಯುತ್ತಿರೋದು.

ಅಂಕಲ್ ರೈಲ್ವೆಯಲ್ಲಿದ್ದು ರಿಟೈರ್ ಆದವರು. ಅಪ್ ಅನ್ನೋ ಪದ ಅತಿ ಹೆಚ್ಚು ದಾರಿ ತಪ್ಪಿದ್ದೇ ಅಲ್ಲಿ, ಅಲ್ವಾ? ಇಂಗ್ಲೆಂಡಿನ ರೈಲುಗಳಿಗೆ ಲಂಡನ್ ಕಡೆ ಹೋದರೆ ಅಪ್, ಲಂಡನ್ ಬಿಟ್ಟು ಹೊರಟರೆ ಡೌನ್. ಏರು ತಗ್ಗಿನ ಲೆಕ್ಕವೇ ಇಲ್ಲ. ನಾವೇನು ಕಮ್ಮಿ? ನನ್ನ ಸ್ಕೂಟರಿಗೆ ಪಿಕಪ್ ಇಲ್ಲ, ಫ್ಲೈಓವರ್ ಮೇಲೂ ಇಲ್ಲ, ಇಳಿಜಾರಲ್ಲೂ ಇಲ್ಲ. ಆಫೀಸಿನಲ್ಲಿ ಒಂದೇ ಫೈಲನ್ನು ಮೂರು ತಿಂಗಳಿಂದ ಫಾಲೋ ಅಪ್ ಮಾಡ್ತಾ ಇದ್ದೀನಿ, ಅದು ಟೇಬಲ್ಲಿಂದ ಒಂದು ಇಂಚೂ ಮೇಲೆದ್ದಿಲ್ಲ.

ನಮ್ಮಪ್ಪ ಕೆಲಸಕ್ಕೆ ಮಂಡ್ಯದಿಂದ ಬೆಂಗಳೂರಿಗೆ ಟ್ರೈನಲ್ಲಿ ‘ಅಪ್ ಅಂಡ್ ಡೌನ್’ ಮಾಡುತ್ತಿದ್ದರು. ಸುಮ್ನೆ ಮಾತಿಗೆ ಹಾಗಂತಾರೆ ಅಂದುಕೊಂಡಿದ್ದೆ. ನೋಡಿದರೆ ಬೆಂಗಳೂರು ಮಂಡ್ಯಕ್ಕಿಂತ 200 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಅಂದರೆ ಅಪ್ಪ ದಿನಾ ಬೆಳಿಗ್ಗೆ ಹತ್ತಿದ್ದನ್ನೆಲ್ಲ ದಿನಾ ರಾತ್ರಿ ಇಳಿದುಬಿಡುತ್ತಿದ್ದರು. ಮನೆಗೆ ಬಂದು ಚಟ್ನಿ ಒಣಗಿ ಕಚ್ಚಿಕೊಂಡ ಡಬ್ಬಿಯ ಮುಚ್ಚಳವನ್ನು ಬಚ್ಚಲ ಕಲ್ಲಿಗೆ ಟಕ್ ಟಕ್ ಕುಟ್ಟುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಇರಲಿ. ಆರನೇ ಮಹಡಿ ಬಂತು, ನಾನು ಇಳಿದೆ. (ಮೇಲೆ ಹೋಗಿ ‘ಇಳಿಯೋ’ ನಮ್ಮ ಕನ್ನಡವೂ ಈ ವಿಷಯದಲ್ಲಿ ಸಾಚಾ ಅಲ್ಲ ಬಿಡಿ.) ಅಂಕಲ್ ಖುಷಿಯಾಗಿ ಗ್ರೌಂಡ್ ಫ್ಲೋರ್ ಒತ್ತಿದರು. ಬಾಗಿಲು ಮುಚ್ಚಿತು.

ಲಿಫ್ಟ್ ಎಂಟಕ್ಕೆ ಹೊರಟಿತು. ಅಲ್ಲಿ ಇನ್ಯಾರಿಗೋ ಕೆಳಗೆ ಹೋಗಬೇಕಿತ್ತು.